ನೋವು ಹೇಳದ ಕಾಲು

ಬೆಳಿಗ್ಗೆ ನಾಲ್ಕೂ ಮುಕ್ಕಾಲು. ಬೆಂಚಿನ ಮೇಲೆ ಏಳು ಜನ, ನೀರಿನಲ್ಲಿ ಹದಿನಾಲ್ಕು ಕಾಲು.

ರಸ್ತೆ ಬದಿಯ ಈ ತಗಡಿನ ಶೆಡ್ಡು ಮೊದಲು ಟಯರ್ ರಿಪೇರಿ ಅಂಗಡಿಯಾಗಿತ್ತು. ಟ್ಯೂಬಿನಲ್ಲಿ ತೂತು ಎಲ್ಲಿದೆ ಎಂದು ನೋಡಲು ಮುಳುಗಿಸುತ್ತಿದ್ದ ಸಿಮೆಂಟಿನ ಉದ್ದ ತೊಟ್ಟಿ ಹಾಗೇ ಇದೆ. ಈಗ ಅದರಲ್ಲಿ ಉಪ್ಪು ಬೆರೆಸಿದ ಬೆಚ್ಚನೆಯ ನೀರು. ಯಾತ್ರಿಕರು ಸಾಲಾಗಿ ಕೂತು ಕಾಲು ಇಳಿಬಿಟ್ಟಿದ್ದಾರೆ. ಒಬ್ಬಾಕೆ ಜಪಸರ ಹಿಡಿದುಕೊಂಡೇ ತೂಕಡಿಸುತ್ತಿದ್ದಾಳೆ. ಪಕ್ಕದವರ ಹೆಗಲಿಗೆ ಆಕೆಯ ತಲೆ ತಾಗುತ್ತದೆ, ಆಕೆ ಎಚ್ಚರಗೊಂಡು ಬಿಟ್ಟ ಮಣಿಯಿಂದಲೇ ಮುಂದುವರಿಸುತ್ತಾಳೆ.

ತೊಟ್ಟಿಯ ಈಚೆ ಗಿಡ್ಡ ಮಣೆಯ ಮೇಲೆ ಕೂತಿರುವವರಿಗೆ ಈ ದಾರಿಯುದ್ದಕ್ಕೂ ಪಟ್ಟಿಯಮ್ಮ ಎಂದೇ ಹೆಸರು. ವಯಸ್ಸು ಅರವತ್ತೆರಡು. ಮಡಿಲಲ್ಲಿ ಟವೆಲ್, ಟವೆಲಿನ ಮೇಲೆ ಯಾರದೋ ಹಿಮ್ಮಡಿ. ಸೂಜಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ನೀರುಗುಳ್ಳೆಯ ಅಂಚಿನಲ್ಲಿ ಚುಚ್ಚಿ, ಹತ್ತಿಯಿಂದ ಮೆಲ್ಲಗೆ ಒತ್ತಿ ನೀರು ಇಳಿಸುತ್ತಾರೆ. ಮೇಲಿನ ಚರ್ಮವನ್ನು ಕಿತ್ತು ಹಾಕುವುದಿಲ್ಲ, ಕಿತ್ತುಕೊಳ್ಳಲು ಯಾರಿಗೂ ಬಿಡುವುದೂ ಇಲ್ಲ. "ಅದು ದೇವರು ಕೊಟ್ಟ ಪಟ್ಟಿ. ನಂದು ಅದರ ಮೇಲೆ ಇನ್ನೊಂದು, ಅಷ್ಟೇ" ಎನ್ನುತ್ತಾರೆ. ಸೂಜಿ ತಾಗುವ ಮೊದಲೇ ಕಾಲು ಎಳೆದುಕೊಂಡ ದಪ್ಪ ಮೀಸೆಯ ಯಾತ್ರಿಕರಿಗೆ, ಮೀಸೆಯನ್ನು ಸ್ವಲ್ಪ ಹೊತ್ತು ತೆಗೆದಿಡುವಂತೆ ಸೂಚನೆಯಾಗುತ್ತದೆ. ಬೆಂಚಿನಲ್ಲಿ ನಗು ಹರಿಯುತ್ತದೆ. ಅಷ್ಟರಲ್ಲಿ ಸೂಜಿಯ ಕೆಲಸ ಮುಗಿದಿರುತ್ತದೆ.

ಇಲ್ಲಿಂದ ಎಂಟು ಕಿಲೋಮೀಟರ್ ಮುಂದೆ, ಗುಡ್ಡದ ಮೇಲಿನ ಚರ್ಚಿನಲ್ಲಿ ಸಂತರ ಸಮಾಧಿಯಿದೆ. ಔಷಧಿಯ ಚೀಲ ಹೆಗಲಿಗೇರಿಸಿಕೊಂಡು ಇದೇ ದಾರಿಯಲ್ಲಿ ರೋಗಿಗಳ ಮನೆಮನೆಗೆ ನಡೆದವರು ಅವರು. ಅವರಿಗೆ ಸಂತ ಪದವಿ ದೊರೆತು ನೂರು ವರ್ಷ ತುಂಬಿದ್ದಕ್ಕೆ ಬಿಷಪರು ಈ ವರ್ಷವನ್ನು ಜುಬಿಲಿ ವರ್ಷವೆಂದು ಸಾರಿದ್ದಾರೆ. ಚರ್ಚಿನ ಪಡುವಣ ಬಾಗಿಲು ಈ ಒಂದು ವರ್ಷಕ್ಕೆಂದೇ ತೆರೆದಿದೆ. ಪಾಪನಿವೇದನೆ ಮಾಡಿ, ಆ ಬಾಗಿಲಿನಿಂದ ಒಳಹೋಗಿ, ಬಲಿಪೂಜೆ ಎನ್ನುವ ಆರಾಧನೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸಿ, ಸಮಾಧಿಯ ಮುಂದೆ ಪ್ರಾರ್ಥಿಸಿದವರಿಗೆ ಜುಬಿಲಿಯ ವಿಶೇಷ ಕೃಪೆ. ಅದನ್ನು ತಮಗಾಗಿ ಬೇಡಬಹುದು, ಇಲ್ಲವೇ ತೀರಿಹೋದ ಒಬ್ಬರಿಗೆ ಅರ್ಪಿಸಬಹುದು. ಬಸ್ಸಿನಲ್ಲಿ ಬಂದರೂ ಅಡ್ಡಿಯಿಲ್ಲ. ಆದರೂ ಹೆಚ್ಚಿನವರು ನಡೆದೇ ಬರುತ್ತಾರೆ, ಎರಡು ಮೂರು ದಿನದ ದಾರಿ. ಸಾಮಾನ್ಯ ದಿನಗಳಲ್ಲಿ ಶೆಡ್ಡಿಗೆ ನಲವತ್ತು ಐವತ್ತು ಜನ ಕಾಲು ತರುತ್ತಾರೆ. ಶನಿವಾರ ಇನ್ನೂರು ದಾಟುತ್ತದೆ.

ಬಾಗಿಲು ಮುಚ್ಚಲು ಇನ್ನು ಹತ್ತು ದಿನ. ಬೆಂಚು ತುಂಬಿದೆ, ಹೊರಗೆ ಸಾಲು ಬೆಳೆಯುತ್ತಿದೆ. ಪಟ್ಟಿಯಮ್ಮನ ಮನಸ್ಸು ಮಾತ್ರ ಇಲ್ಲಿ ಇಲ್ಲದ ಒಂದು ಕಾಲಿನ ಮೇಲಿದೆ. ಹತ್ತು ದಿನದೊಳಗೆ ಆ ಕಾಲಿನ ಗಾಯ ಮುಚ್ಚಬೇಕು. ಮುಚ್ಚುವ ಲಕ್ಷಣ ಕಾಣುತ್ತಿಲ್ಲ.

ಇಪ್ಪತ್ತಾರು ವರ್ಷ ಅವರು ದೊಡ್ಡ ಆಸ್ಪತ್ರೆಯೊಂದರ ಡ್ರೆಸ್ಸಿಂಗ್ ರೂಮಿನಲ್ಲಿ ಆಯಾ ಆಗಿದ್ದರು. ನರ್ಸ್ ಓದಿಲ್ಲ. ಟ್ರೇ ಹಿಡಿಯುವುದು, ಹಳೇ ಪಟ್ಟಿ ನೆನೆಸಿ ಬಿಡಿಸುವುದು, ನೆಲ ಒರೆಸುವುದು ಅವರ ಕೆಲಸ. ಕೈ ಸಾಲದ ದಿನಗಳಲ್ಲಿ ನರ್ಸುಗಳೇ ಪಟ್ಟಿ ಕಟ್ಟಲು ಹೇಳಿಕೊಟ್ಟರು. ನಿವೃತ್ತರಾಗಿ ಮನೆಯಲ್ಲಿದ್ದಾಗ ಜುಬಿಲಿಯ ಘೋಷಣೆಯಾಯಿತು. ಧರ್ಮಕೇಂದ್ರದ, ಅಂದರೆ ಅವರ ಊರಿನ ಚರ್ಚಿನ, ಗುರುಗಳು ಭಾನುವಾರದ ಪೂಜೆಯ ನಂತರ ಸೇವೆಗೆ ಜನ ಬೇಕೆಂದು ಕೇಳಿದರು. ಹಾಡಲು ಜನ ಮುಂದೆ ಬಂದರು, ಹೂ ಜೋಡಿಸಲು ಬಂದರು, ಚಹಾ ಹಂಚಲು ಜಗಳವೇ ಆಯಿತು. ಕಾಲು ತೊಳೆಯಲು ಯಾರು ಎಂದಾಗ ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರಂತೆ.

ಅವರ ಗಂಡ ದರ್ಜಿ. ಹಳೇ ಹತ್ತಿಯ ಹಾಸಿಗೆ ಬಟ್ಟೆಗಳನ್ನು ಕುದಿಸಿ, ಒಣಗಿಸಿ, ಇಸ್ತ್ರಿ ಹಾಕಿ, ಎರಡು ಬೆರಳಗಲಕ್ಕೆ ಕತ್ತರಿಸಿ ಸುರುಳಿ ಸುತ್ತುವುದು ಅವರ ಪಾಲಿನ ಸೇವೆ. ಮಾತಿನಲ್ಲಿ ಗಂಡನದೇ ಮೇಲುಗೈ. "ಮೊದಲ ಸಲ ನಾವು ಭೇಟಿ ಆದಾಗ ನಾನು ಅವಳ ಮುಖ ನೋಡ್ತಿದ್ದೆ, ಅವಳು ನನ್ನ ಕಾಲು ನೋಡ್ತಿದ್ಲು. ಹಿಮ್ಮಡಿ ಒಡೆದಿದೆ, ಎಣ್ಣೆ ಹಚ್ಚಿ ಅಂದ್ಲು. ಅದೇ ನಮ್ಮ ಪ್ರೇಮ ಸಂಭಾಷಣೆ." ಹೆಂಡತಿ ತಲೆ ಎತ್ತದೆ, ಈಗಲೂ ಹಚ್ಚುತ್ತಿಲ್ಲ ಎನ್ನುತ್ತಾರೆ.

ಉರಿಯುವ ಕಾಲಿಗೆ ಪಟ್ಟಿಯಮ್ಮ ಹೆದರುವುದಿಲ್ಲ. ಉರಿಯದ ಕಾಲಿಗೆ ಹೆದರುತ್ತಾರೆ. ಸಕ್ಕರೆ ಕಾಯಿಲೆ ಹಳೆಯದಾದವರ ಪಾದ ಕೆಲವೊಮ್ಮೆ ಜೋಮು ಹಿಡಿದಂತಾಗಿ ಬಿಸಿ, ತಂಪು, ಚುಚ್ಚು ಯಾವುದನ್ನೂ ಹೇಳುವುದಿಲ್ಲ. ಅಂಥವರು ಗಾಯದ ಮೇಲೆಯೇ ನಡೆಯುತ್ತಾರೆ. ಅದಕ್ಕೆ ಪಟ್ಟಿಯಮ್ಮನದೊಂದು ಪರೀಕ್ಷೆಯಿದೆ. ಎದುರು ಗೋಡೆಯ ಮೇಲಿನ ಸಂತರ ಪಟವನ್ನೇ ನೋಡುತ್ತಿರಲು ಹೇಳುತ್ತಾರೆ. ಕೆಳಗೆ, ಹತ್ತಿಯ ಬತ್ತಿಯಿಂದ ಒಂದೊಂದೇ ಬೆರಳು ಮುಟ್ಟಿ, ಯಾವ ಬೆರಳು ಎಂದು ಕೇಳುತ್ತಾರೆ. ಇದೂ ಯಾತ್ರೆಯ ಒಂದು ವಿಧಿ ಇರಬೇಕೆಂದು ಕೆಲವರು ಕೈ ಮುಗಿದು ಕೂರುತ್ತಾರೆ. ಸರಿಯಾಗಿ ಹೇಳಿದವರು ಮುಂದೆ ನಡೆಯಬಹುದು. ಹೇಳಲಾಗದವರನ್ನು ಧರ್ಮಕೇಂದ್ರದ ವ್ಯಾನು ಗುಡ್ಡಕ್ಕೆ ಮುಟ್ಟಿಸುತ್ತದೆ. ಎಷ್ಟು ಅತ್ತರೂ, ಎಷ್ಟು ಬೈದರೂ ಅವರು ಈ ನಿಯಮ ಸಡಿಲಿಸುವುದಿಲ್ಲ.

ಜುಬಿಲಿಯ ನಾಲ್ಕನೇ ತಿಂಗಳಲ್ಲಿ ಒಬ್ಬರು ಈ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬೆರಳೂ ಸರಿ ಹೇಳಿ ಪಾಸಾದರು. ಎಪ್ಪತ್ತು ದಾಟಿದ, ನಿವೃತ್ತ ಬಸ್ ಚಾಲಕರು. ಪಟ್ಟಿಯಮ್ಮ ಅವರನ್ನು ಡ್ರೈವರಣ್ಣ ಎನ್ನುತ್ತಾರೆ. ಆ ದಿನ ಅವರ ಎಡಗಾಲಿನ ಒಂದು ಗುಳ್ಳೆಗೆ ಪಟ್ಟಿ ಕಟ್ಟಿ, ನಿಧಾನ ನಡೆಯಿರಿ ಎಂದು ಕಳಿಸಿದರು. ಎರಡು ಗಂಟೆಯ ನಂತರ ಸ್ವಯಂಸೇವಕರು ಅವರನ್ನು ತಳ್ಳುಗಾಡಿಯಲ್ಲಿ ವಾಪಸು ತಂದರು. ಬಲಗಾಲಿನ ಶೂವಿನ ತಳದಿಂದ ಒಂದು ಮೊಳೆ ನೇರ ಹೆಬ್ಬೆರಳ ಬುಡಕ್ಕೆ ಇಳಿದಿತ್ತು. ಮೊಳೆ ಹೊಕ್ಕ ಮೇಲೆ ಅವರು ಮೂರು ಕಿಲೋಮೀಟರ್ ನಡೆದಿದ್ದರು. ಹಿಂದೆ ಬರುತ್ತಿದ್ದ ಹೆಂಗಸು ರಸ್ತೆಯ ಮೇಲೆ ಕೆಂಪು ಹೆಜ್ಜೆ ಕಂಡು ಕೂಗಿದ ಮೇಲೆಯೇ ಅವರಿಗೆ ಗೊತ್ತಾಗಿದ್ದು.

ಮುಟ್ಟಿದ್ದು ಗೊತ್ತಾಗದ ಕಾಲಿನವರು ಹತ್ತೂ ಬೆರಳು ಹೇಗೆ ಹೇಳಿದರು ಎಂಬುದು ಆ ಸಂಜೆ ತಿಳಿಯಿತು. ಟಯರ್ ಅಂಗಡಿಯವನು ಬಿಟ್ಟುಹೋದ ಒಂದು ಲಾರಿಯ ಕನ್ನಡಿ ಸಂತರ ಪಟದ ಪಕ್ಕದ ಕಂಬಕ್ಕೆ ಬಿಗಿದಿತ್ತು. ಎಲ್ಲರೂ ಪಟ ನೋಡುತ್ತಿದ್ದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರ ಕಣ್ಣು ತಾನಾಗಿ ಕನ್ನಡಿಗೆ ಹೋಯಿತು. ಅದರಲ್ಲಿ ಪಟ್ಟಿಯಮ್ಮನ ಕೈ, ಹತ್ತಿ, ತಮ್ಮ ಬೆರಳು ಎಲ್ಲ ಸ್ಪಷ್ಟವಾಗಿ ಕಂಡಿತು. ಕಂಡದ್ದನ್ನೇ ಹೇಳಿದರು. ವ್ಯಾನು ಹತ್ತಿಸಿಬಿಡುತ್ತಾರೆ ಎಂಬ ಭಯಕ್ಕೆ ಸುಳ್ಳು ಹೇಳಿದೆನೆಂದು ಆಸ್ಪತ್ರೆಯ ಹಾಸಿಗೆಯಲ್ಲಿ ಅವರೇ ಒಪ್ಪಿಕೊಂಡರು.

"ತಪ್ಪು ಅವರದು ಅಂತ ಎಲ್ಲರೂ ಹೇಳ್ತಾರೆ. ಅವರೂ ಹೇಳ್ತಾರೆ" ಎನ್ನುತ್ತಾರೆ ಪಟ್ಟಿಯಮ್ಮ. "ಆದ್ರೆ ದಿನಾ ಆ ಕನ್ನಡೀಲಿ ನಾನೇ ತಲೆ ಬಾಚ್ಕೊಳ್ತಿದ್ದೆ. ಅಲ್ಲಿ ಕೂತವರಿಗೆ ಏನು ಕಾಣುತ್ತೆ ಅಂತ ಒಂದು ದಿನವೂ ಆ ಬೆಂಚಿನ ಮೇಲೆ ಕೂತು ನೋಡ್ಲಿಲ್ಲ."

ಮರುದಿನ ಕನ್ನಡಿ ಕಿತ್ತರು. ಡ್ರೈವರಣ್ಣನ ಬಲಗಾಲಿನ ಎರಡು ಬೆರಳು ಹೋದವು. ಕೊಯ್ದ ಜಾಗದ ಗಾಯ ಏಳು ತಿಂಗಳಾದರೂ ಪೂರ್ತಿ ಮುಚ್ಚಿಲ್ಲ.

ಅವರು ಓಡಿಸುತ್ತಿದ್ದುದು ಇದೇ ರಸ್ತೆಯ ಬಸ್ಸು, ಪೇಟೆಯಿಂದ ಗುಡ್ಡದ ಬುಡಕ್ಕೆ. ಅವರ ಹೆಂಡತಿ ಪ್ರತಿ ವರ್ಷ ನೆರೆಹೊರೆಯವರ ಜೊತೆ ಸಂತರ ಸಮಾಧಿಗೆ ನಡೆದು ಹೋಗುತ್ತಿದ್ದರು. ಗಂಡನನ್ನು ಒಂದು ಸಲವಾದರೂ ಬನ್ನಿ ಎಂದು ಕರೆಯುತ್ತಿದ್ದರು. ರಜೆ ಇಲ್ಲ ಎನ್ನುವುದು ಇವರ ಉತ್ತರ. ದಾರಿಯಲ್ಲಿ ಆಕೆಯನ್ನು ದಾಟುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು. ಆಕೆ ಕೊಡೆ ಎತ್ತುತ್ತಿದ್ದರು. ಒಂದು ವರ್ಷ ಆಕೆ ಕೊಡೆ ಎತ್ತಲಿಲ್ಲ, ನಿಲ್ಲಿಸಿ ಎಂದು ಕೈ ಅಡ್ಡ ಹಿಡಿದರು. ಚಪ್ಪಲಿ ಹರಿದು ಕೈಯಲ್ಲಿತ್ತು.

"ನಿಲ್ಲಿಸ್ಲಿಲ್ಲ" ಎನ್ನುತ್ತಾರೆ ಡ್ರೈವರಣ್ಣ. "ಅಲ್ಲಿ ಸ್ಟಾಪ್ ಇರ್ಲಿಲ್ಲ."

ಆ ರಾತ್ರಿ ಆಕೆ ಪಾದಕ್ಕೆ ಕರವಸ್ತ್ರ ಸುತ್ತಿಕೊಂಡು ಮನೆಗೆ ಬಂದರು. ಜಗಳವಾಡಲಿಲ್ಲ. ಊಟ ಬಡಿಸಿ ಮಲಗಿದರು. ಮುಂದೆಯೂ ನಡೆದರು, ಮುಂದೆಂದೂ ಕರೆಯಲಿಲ್ಲ. ಎರಡು ವರ್ಷದ ಹಿಂದೆ ತೀರಿಕೊಂಡರು. ಜುಬಿಲಿಯ ಸುದ್ದಿ ಕೇಳಿದಾಗ ಡ್ರೈವರಣ್ಣ ಹೊಸ ಶೂ ಕೊಂಡರು. ಮಗಳು ಬೇಡವೆಂದರೂ ಕೇಳದೆ ಒಬ್ಬರೇ ಹೊರಟರು. ಹೆಂಡತಿ ನಡೆದ ನಲವತ್ತನಾಲ್ಕು ಕಿಲೋಮೀಟರನ್ನೂ ನಡೆದು, ಆ ಬಾಗಿಲಿನಿಂದ ಒಳಹೋಗಿ, ಸಿಕ್ಕಿದ ಕೃಪೆಯನ್ನು ಆಕೆಗೆ ಅರ್ಪಿಸಬೇಕೆಂಬುದು ಅವರ ಹರಕೆ. ಶೆಡ್ಡಿಗೆ ಬರುವಷ್ಟರಲ್ಲಿ ಮೂವತ್ತಾರು ಮುಗಿದಿತ್ತು.

ಬೆರಳು ತೆಗೆದ ಮೂರನೇ ದಿನ ಪಟ್ಟಿಯಮ್ಮ ಆಸ್ಪತ್ರೆಗೆ ಹೋದರು. ಡ್ರೈವರಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅದನ್ನು ನೋಡಿ ತಡೆಯಲಾರದೆ ಇವರು, ವಾಸಿಯಾಗಲಿ, ಬಾಗಿಲು ಮುಚ್ಚುವುದರೊಳಗೆ ನಾನೇ ಜೊತೆಗೆ ನಡೆಸಿಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟುಬಿಟ್ಟರು. ಆ ಕಾಲಿನ ಸ್ಥಿತಿ ನೋಡಿದ ಯಾರೂ ಕೊಡಬಾರದ ಮಾತು ಅದು ಎಂದು ಈಗ ಅವರೇ ಹೇಳುತ್ತಾರೆ. "ಕನ್ನಡಿ ಒಂದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡದು. ಕಾಲು ಹೋದ್ರೆ ಮನುಷ್ಯ ಸುಧಾರಿಸ್ಕೊಳ್ತಾನೆ. ನಾನು ಅವರನ್ನ ಏಳು ತಿಂಗಳು ಕಾಯಿಸಿದೆ."

ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಧ್ಯಾಹ್ನ ಶೆಡ್ಡು ಖಾಲಿಯಾದ ಹೊತ್ತಿನಲ್ಲಿ ಅವರು ಬಸ್ಸು ಹತ್ತಿ ಪೇಟೆಗೆ ಹೋಗುತ್ತಾರೆ. ಡ್ರೈವರಣ್ಣ ಮಗಳ ಮನೆಯ ಎರಡನೇ ಕೋಣೆಯಲ್ಲಿ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾದಿರುತ್ತಾರೆ. ಬಲಗಾಲು ಸ್ಟೂಲಿನ ಮೇಲೆ. ಪಟ್ಟಿ ಬಿಚ್ಚುವಾಗ ಇಬ್ಬರ ನಡುವೆ ಬಸ್ಸಿನ ಸುದ್ದಿ. ಇವರು ಬಂದ ಬಸ್ಸು ಎಷ್ಟು ತಡವಾಯಿತು, ಗೇರು ಎಲ್ಲಿ ಕಿರುಚಿತು ಎಂದೆಲ್ಲ ಅವರು ವಿಚಾರಿಸುತ್ತಾರೆ. ಈಗಿನ ಹುಡುಗರಿಗೆ ಬ್ರೇಕು ಒಂದೇ ಗೊತ್ತು ಎಂದು ತೀರ್ಪು ಕೊಡುತ್ತಾರೆ. ಮಂಚದ ಕೆಳಗೆ ಇನ್ನೊಂದು ಜೊತೆ ಶೂ ಇದೆ, ಅಗಲ ಬಾಯಿಯದು, ಡಬ್ಬಿಯಿಂದ ಇನ್ನೂ ಹೊರಗೆ ಬಂದಿಲ್ಲ.

ಧರ್ಮಕೇಂದ್ರದ ಗುರುಗಳೂ ಬಂದು ಹೋಗಿದ್ದಾರೆ. ಕಾಯಿಲೆಯವರು ಮನೆಯಲ್ಲೇ ಪ್ರಾರ್ಥಿಸಿ, ತಮ್ಮ ನೋವನ್ನೇ ಅರ್ಪಿಸಿದರೂ ಅದೇ ಕೃಪೆ ಸಿಗುತ್ತದೆ, ಅದನ್ನು ಹೆಂಡತಿಗೆ ಅರ್ಪಿಸಲೂಬಹುದು ಎಂದು ತಿಳಿಸಿದ್ದಾರೆ. ಗಾಲಿಕುರ್ಚಿಯಲ್ಲಿ ತಾವೇ ಕರೆದೊಯ್ಯುವುದಾಗಿ ಹೇಳಿದ್ದಾರೆ. ಡ್ರೈವರಣ್ಣ ಎರಡನ್ನೂ ತಲೆಬಾಗಿ ಕೇಳಿದರು. ಮನೆಯಲ್ಲಿ ಹೇಳಬೇಕಾದ ಪ್ರಾರ್ಥನೆಗಳನ್ನು ತಪ್ಪದೆ ಹೇಳುತ್ತಾರೆ. ಗಾಲಿಕುರ್ಚಿಗೆ ಮಾತ್ರ ಒಪ್ಪಲಿಲ್ಲ. "ಆ ರಸ್ತೇಲಿ ಕೂತ್ಕೊಂಡು ಹೋಗಿದ್ದು ಸಾಕು ಸ್ವಾಮಿ" ಎಂದರಂತೆ.

ಬಾಗಿಲು ಮುಚ್ಚುವ ಭಾನುವಾರಕ್ಕೆ ಎರಡು ದಿನ ಮುಂಚಿನ ಶುಕ್ರವಾರ. ಪಟ್ಟಿಯಮ್ಮ ಎಂದಿಗಿಂತ ಬೇಗ ಬಂದಿದ್ದಾರೆ. ಬಸ್ಸಿನ ಸುದ್ದಿ ಎತ್ತಿದರೆ ಡ್ರೈವರಣ್ಣ ಕಾಲನ್ನು ಸ್ಟೂಲಿನ ಮೇಲೆ ಇನ್ನಷ್ಟು ಮುಂದಕ್ಕೆ ಚಾಚುತ್ತಾರೆ. ಪಟ್ಟಿಯ ಕೊನೆಯ ಸುತ್ತು ಬಿಚ್ಚಿದಾಗ ಗಾಯ ಕಾಣುತ್ತದೆ. ತಿಂಗಳ ಹಿಂದೆ ಕಿರುಬೆರಳ ಉದ್ದವಿದ್ದದ್ದು ಈಗ ಉಗುರಿನಷ್ಟು. ಅಂಚು ಗುಲಾಬಿ ಬಣ್ಣಕ್ಕೆ ತಿರುಗಿದೆ. ನಡುವೆ ಇನ್ನೂ ಹಸಿಯಿದೆ. ಮಗಳು ಬಾಗಿಲಲ್ಲಿ ನಿಂತಿದ್ದಾರೆ. ನಡೆಯಬಾರದು ಎಂದು ಡಾಕ್ಟರು ಹಿಂದಿನ ದಿನವೇ ಹೇಳಿಯಾಗಿದೆ.

"ಡಾಕ್ಟರು ಹೇಳಿದ್ದು ಇರ್ಲಿ ತಂಗಿ. ನೀನು ಹೇಳು."

ಪಟ್ಟಿಯಮ್ಮ ಗಾಯದ ಸುತ್ತ ಬೆರಳಿನಿಂದ ಒತ್ತಿ ನೋಡುತ್ತಾರೆ. ಹತ್ತಿ ಅದ್ದುತ್ತಾರೆ, ಹಿಂಡುತ್ತಾರೆ, ಮತ್ತೆ ಅದ್ದುತ್ತಾರೆ.

"ಆಗಲ್ಲ ಅಣ್ಣ."

"ಕೊನೇ ಒಂದು ಕಿಲೋಮೀಟರ್. ಗುಡ್ಡದ ಬುಡದ ತನಕ ವ್ಯಾನಲ್ಲೇ ಬರ್ತೀನಿ."

"ಒಂದು ಮೀಟರೂ ಆಗಲ್ಲ. ಮತ್ತೆ ಒಡೆದ್ರೆ ಪಾದ ಉಳಿಯಲ್ಲ."

"ನಾನು ಒಪ್ಕೊಂಡ್ರೆ?"

"ನಾನು ಒಪ್ಪಲ್ಲ."

ಪಟ್ಟಿಯಮ್ಮ ಔಷಧಿ ಹಚ್ಚಿ, ಹೊಸ ಪಟ್ಟಿ ಸುತ್ತಿ, ತುದಿ ಸಿಕ್ಕಿಸುತ್ತಾರೆ. ಡ್ರೈವರಣ್ಣನ ದನಿ ಏರುವುದಿಲ್ಲ.

"ಅವತ್ತು ನೀನು ಹೋಗು ಅಂದೆ, ನಾನು ಹೋದೆ. ಜೊತೆಗೆ ಬರ್ತೀನಿ ಅಂದೆ, ಕಾದೆ. ಇವತ್ತು ಬೇಡ ಅಂತೀಯ, ಅದನ್ನೂ ಕೇಳ್ತೀನಿ. ನಾಳೆಯಿಂದ ಬರಬೇಡ."

ಪಟ್ಟಿಯಮ್ಮ ಹಳೇ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ, ಸ್ಟೂಲು ಒರೆಸಿ, ಎದ್ದು ಹೊರಡುತ್ತಾರೆ. ವಾಪಸಿನ ಬಸ್ಸಿನಲ್ಲಿ ಅವರು ಹೇಳಿದ್ದು ಒಂದೇ ಮಾತು. "ಆ ಗಾಯ ನೋಡಿ ಬೇರೆ ಮಾತು ಹೇಳೋಕೆ ಬರೋದಿದ್ರೆ ಹೇಳ್ತಿದ್ದೆ."

ಕೊನೆಯ ಶನಿವಾರ ಮತ್ತು ಭಾನುವಾರ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ. ದರ್ಜಿ ಸುತ್ತಿಟ್ಟ ಸುರುಳಿಗಳು ಭಾನುವಾರ ಮಧ್ಯಾಹ್ನಕ್ಕೇ ಮುಗಿಯುತ್ತವೆ. ಅವರು ಮನೆಗೆ ಓಡಿ, ತಮ್ಮದೇ ಹಾಸಿಗೆ ಬಟ್ಟೆ ಕತ್ತರಿಸಿ ತರುತ್ತಾರೆ. ಇವತ್ತು ನೆಲದ ಮೇಲೆ ಮಲಗುವುದೇ ನಮ್ಮ ಜುಬಿಲಿ ಎಂದು ಹೆಂಡತಿಯನ್ನು ನಗಿಸಲು ನೋಡುತ್ತಾರೆ. ಆಕೆ ನಗುವುದಿಲ್ಲ.

ಇಡೀ ವರ್ಷ ಯಾತ್ರಿಕರ ಕಾಲು ನೋಡಿಕೊಂಡ ಪಟ್ಟಿಯಮ್ಮ ತಾವು ಮಾತ್ರ ಪಡುವಣ ಬಾಗಿಲನ್ನು ಹಾದಿಲ್ಲ. ಡ್ರೈವರಣ್ಣನ ಜೊತೆ ಹೋಗಲೆಂದು ಅದನ್ನು ಉಳಿಸಿಕೊಂಡಿದ್ದರು. ಮೂರು ಗಂಟೆಯ ಹೊತ್ತಿಗೆ ಗುರುಗಳು ವ್ಯಾನು ಕಳಿಸುತ್ತಾರೆ. ಬಂದು ಬಾಗಿಲು ಹಾದುಹೋಗಲಿ, ಬೇಕಿದ್ದರೆ ಡ್ರೈವರಣ್ಣನ ಹೆಂಡತಿಗೇ ಅರ್ಪಿಸಲಿ, ಅದಕ್ಕೆ ಅಡ್ಡಿಯಿಲ್ಲ ಎಂಬುದು ಅವರ ಸಂದೇಶ. ಗಂಡನೂ ಹೋಗೆಂದು ಒತ್ತಾಯಿಸುತ್ತಾರೆ.

"ಹೆಂಡತಿಗೋಸ್ಕರ ನಡೀಬೇಕು ಅಂತ ಇದ್ದವರು ಅವರು. ನಾನು ಹೋಗಿ ಕೊಟ್ಟು ಬಂದ್ರೆ ಅವರ ಕೈಯಿಂದ ಕಿತ್ಕೊಂಡ ಹಾಗೆ" ಎಂದು ಪಟ್ಟಿಯಮ್ಮ ಮುಂದಿನ ಕಾಲನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ವ್ಯಾನು ಪರೀಕ್ಷೆಯಲ್ಲಿ ಫೇಲಾದ ನಾಲ್ವರನ್ನು ಹತ್ತಿಸಿಕೊಂಡು ಹೋಗುತ್ತದೆ. ಸಂಜೆ ಆರಕ್ಕೆ ಗುಡ್ಡದ ಮೇಲೆ ಗಂಟೆ ಮೊಳಗುತ್ತದೆ. ಬಿಷಪರು ಬಾಗಿಲು ಮುಚ್ಚಿದರೆಂದು ಅರ್ಥ. ಶೆಡ್ಡಿನಲ್ಲಿದ್ದವರು ಎದ್ದು ನಿಂತು ಶಿಲುಬೆಯ ಗುರುತು ಮಾಡುತ್ತಾರೆ. ಕಾಲು ನೀರಿನಲ್ಲಿದ್ದವರು ನೀರಿನಲ್ಲೇ ನಿಲ್ಲುತ್ತಾರೆ.

ಅದಾದ ಮಂಗಳವಾರ ಪಟ್ಟಿಯಮ್ಮ ಎಂದಿನ ಬಸ್ಸಿಗೆ ಪೇಟೆಗೆ ಹೋದರು. ಬರಬೇಡ ಎಂದವರ ಮನೆಗೆ ಹೋಗಲು ನಾಚಿಕೆಯಾಗಲಿಲ್ಲವೇ ಎಂದು ಗಂಡ ಕೇಳಿದ್ದಕ್ಕೆ, ಗಾಯ ತನಗೆ ಬರಬೇಡ ಎಂದಿಲ್ಲವಲ್ಲ ಎಂದರಂತೆ. ಮಗಳು ಬಾಗಿಲು ತೆರೆದರು. ಡ್ರೈವರಣ್ಣ ಕಿಟಕಿಯ ಕಡೆ ಮುಖ ಮಾಡಿದ್ದರು. ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಲಗಾಲನ್ನು ಸ್ಟೂಲಿನ ಮೇಲೆ ಇಟ್ಟರು. ಆ ಶುಕ್ರವಾರವೂ ಹಾಗೇ ಆಯಿತು, ಮುಂದಿನ ವಾರವೂ. ಬಸ್ಸು ಎಷ್ಟು ತಡವಾಯಿತೆಂದು ಅವರು ಕೇಳುವುದಿಲ್ಲ.

ಮುಂದೇನು ಆಸೆ ಎಂದರೆ ಪಟ್ಟಿಯಮ್ಮ ಸುತ್ತ ನೋಡುತ್ತಾರೆ. ಶೆಡ್ಡು ಖಾಲಿಯಾಗಿದೆ, ತೊಟ್ಟಿ ಒಣಗಿದೆ. ಟಯರ್ ಅಂಗಡಿಯನ್ನು ಮತ್ತೆ ತೆರೆಯಲು ಯಾರೋ ಕೇಳುತ್ತಿದ್ದಾರಂತೆ. ಮುಂದಿನ ಜುಬಿಲಿಯ ಹೊತ್ತಿಗೆ ತಾವಿರುವುದಿಲ್ಲ, ಅದರ ಬಗ್ಗೆ ಆಸೆಯಿಲ್ಲ ಎನ್ನುತ್ತಾರೆ.

"ಒಂದು ದಿನ ಅವರು ನನಗೆ ಬಾಯಿ ತುಂಬಾ ಬೈಬೇಕು. ಕೂತು ಕೇಳ್ತೀನಿ. ಈ ಸುಮ್ಮನಿರೋದು ಇದೆಯಲ್ಲ, ಇದಕ್ಕೆ ನನ್ನ ಹತ್ರ ಔಷಧಿ ಇಲ್ಲ."

ಜುಬಿಲಿ ಮುಗಿದ ನಾಲ್ಕನೇ ಶುಕ್ರವಾರ ಗಾಯ ಮುಚ್ಚಿತು. ನಡೆಯಬಹುದು ಎಂದು ಡಾಕ್ಟರು ಹೇಳಿದರು.